ಗುರಿ ಬರೆದಿಟ್ಟ ಶೇ. 3 ಮಂದಿಯೇ ಕೋಟ್ಯಧೀಶರಾದರೇ? ಫಾರ್ವರ್ಡ್ ಹಿಂದಿನ ನಿಜ ಮತ್ತು ಮಕ್ಕಳಿಗೆ ಗುರಿ ಇಡಲು ಕಲಿಸುವ ಬಗೆ

ಶಾಲೆ ಶುರುವಾಗುವ ಜೂನ್‌ನಲ್ಲಿ ಒಮ್ಮೆ, ಪರೀಕ್ಷೆ ಹತ್ತಿರ ಬರುವ ಜನವರಿಯಲ್ಲಿ ಇನ್ನೊಮ್ಮೆ ಪೋಷಕರ ಮತ್ತು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ಸಂದೇಶವೊಂದಿದೆ. ನೀವೂ ಓದಿರಬಹುದು, ಯಾರಿಗಾದರೂ ಕಳಿಸಿಯೂ ಇರಬಹುದು. ಕಥೆ ಹೀಗಿದೆ: 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಹೊರಟ ವಿದ್ಯಾರ್ಥಿಗಳನ್ನು, ನಿಮ್ಮ ಜೀವನದ ಗುರಿಯನ್ನು ಬರೆದಿಟ್ಟುಕೊಂಡಿದ್ದೀರಾ ಎಂದು ಕೇಳಲಾಯಿತು. ಹೌದು ಎಂದವರು ಬರೀ ಶೇ. 3. ಇಪ್ಪತ್ತು ವರ್ಷ ಬಿಟ್ಟು ಹುಡುಕಿ ನೋಡಿದರೆ, ಆ ಶೇ. 3 ಮಂದಿಯ ಆಸ್ತಿ ಉಳಿದ ಶೇ. 97 ಮಂದಿಯ ಒಟ್ಟು ಆಸ್ತಿಗಿಂತ ಹೆಚ್ಚಾಗಿತ್ತಂತೆ. ಆದ್ದರಿಂದ ಇವತ್ತೇ ನಿಮ್ಮ ಮಗುವಿನ ಕೈಲಿ ಗುರಿ ಬರೆಸಿ, ಗೋಡೆಗೆ ಅಂಟಿಸಿ ಎನ್ನುವಲ್ಲಿಗೆ ಸಂದೇಶ ಮುಗಿಯುತ್ತದೆ.

ಇದೇ ಕಥೆಯ ಇನ್ನೊಂದು ರೂಪದಲ್ಲಿ ವಿಶ್ವವಿದ್ಯಾಲಯ ಹಾರ್ವರ್ಡ್, ಇಸವಿ 1979. ಅಲ್ಲಿ ಲೆಕ್ಕ ಸ್ವಲ್ಪ ಬೇರೆ: ಶೇ. 84 ಮಂದಿಗೆ ಗುರಿಯೇ ಇಲ್ಲ, ಶೇ. 13 ಮಂದಿಗೆ ಮನಸ್ಸಿನಲ್ಲಿ ಮಾತ್ರ ಗುರಿ, ಶೇ. 3 ಮಂದಿ ಬರೆದಿಟ್ಟವರು. ಹತ್ತು ವರ್ಷದ ನಂತರ ಈ ಶೇ. 3 ಮಂದಿ ಉಳಿದವರ ಹತ್ತು ಪಟ್ಟು ಸಂಪಾದಿಸುತ್ತಿದ್ದರು ಎಂದು ಅದು ಹೇಳುತ್ತದೆ.

ಕಥೆ ಚೆನ್ನಾಗಿದೆ, ನಿಜವಲ್ಲ.

ಆ ಅಧ್ಯಯನ ನಡೆದೇ ಇಲ್ಲ

1996ರಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಎಂಬ ಪತ್ರಿಕೆ ಈ ಕಥೆಯ ಮೂಲ ಹುಡುಕಲು ಹೊರಟಿತು. ಇದನ್ನು ವೇದಿಕೆಯ ಮೇಲೆ ಹೇಳುತ್ತಿದ್ದ ಹೆಸರಾಂತ ಪ್ರೇರಣಾ ಭಾಷಣಕಾರರನ್ನು ವಿಚಾರಿಸಿದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು, ಅವರು ಮತ್ತೊಬ್ಬರತ್ತ. ಕೊನೆಗೆ ಯಾರ ಬಳಿಯೂ ಕಾಗದವಿರಲಿಲ್ಲ. ಯೇಲ್ ವಿಶ್ವವಿದ್ಯಾಲಯವೂ ತನ್ನ ದಾಖಲೆಗಳನ್ನು ತೆಗೆದು ನೋಡಿ, 1953ರ ತಂಡದ ಮೇಲಾಗಲಿ ಬೇರೆ ತಂಡದ ಮೇಲಾಗಲಿ ಇಂಥ ಅಧ್ಯಯನ ನಡೆದಿಲ್ಲ ಎಂದಿತು. ಹಾರ್ವರ್ಡ್ ರೂಪಕ್ಕೂ ಯಾವ ಸಂಶೋಧನಾ ಪ್ರಬಂಧದ ಆಧಾರವೂ ಇಲ್ಲ.

ಒಳ್ಳೆಯ ಮಾತನ್ನೇ ಹೇಳುವ ಸುಳ್ಳಿನಿಂದ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಇದೆ. ಗುರಿ ಬರೆದಿಟ್ಟರೆ ಸಾಕು, ಫಲ ತಾನಾಗಿ ಬರುತ್ತದೆ ಎನ್ನುವ ಅರ್ಥವನ್ನು ಈ ಕಥೆ ಬಿತ್ತುತ್ತದೆ. ಬರೆದ ಮೇಲೂ ಫಲ ಬಾರದಿದ್ದರೆ ತಪ್ಪು ಯಾರದು? ಮಗುವಿನದು. ನಿನಗೆ ಛಲ ಇರಲಿಲ್ಲ, ಮನಸ್ಸಿಟ್ಟು ಬರೆಯಲಿಲ್ಲ ಎನ್ನುವುದು ಸುಲಭವಾಗುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಗಣಿತದಲ್ಲಿ 80ಕ್ಕೆ 22 ತೆಗೆಯುತ್ತಿದ್ದಾಳೆ ಎಂದುಕೊಳ್ಳಿ. ಅವಳ ಕೈಲಿ 625ಕ್ಕೆ 600 ಎಂದು ಬರೆಸಿ ಓದುವ ಮೇಜಿನ ಎದುರಿಗೆ ಅಂಟಿಸಿದರೆ, ಆ ಚೀಟಿ ಪ್ರತಿದಿನ ಅವಳಿಗೆ ಹೇಳುವುದು ಒಂದೇ: ನೀನು ಇನ್ನೂ ಅಲ್ಲಿಗೆ ಬಂದಿಲ್ಲ. ಯಾವ ಲೆಕ್ಕದಿಂದ ಶುರು ಮಾಡಬೇಕು ಎಂದು ಅದು ಹೇಳುವುದಿಲ್ಲ.

ಹಾಗಾದರೆ ಗುರಿ ಇಡುವುದೇ ವ್ಯರ್ಥವೇ?

ಖಂಡಿತ ಅಲ್ಲ. ಗುರಿಯ ಬಗ್ಗೆ ನಿಜವಾದ ಸಂಶೋಧನೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದಿದೆ, ಅದು ಫಾರ್ವರ್ಡ್‌ಗಿಂತ ಸ್ವಾರಸ್ಯವಾಗಿಯೂ ಇದೆ. ಮನೋವಿಜ್ಞಾನಿ ಎಡ್ವಿನ್ ಲಾಕ್ 1968ರಲ್ಲಿ ಈ ವಿಷಯದ ಮೊದಲ ದೊಡ್ಡ ಪ್ರಬಂಧ ಬರೆದರು. ಮುಂದೆ ಗ್ಯಾರಿ ಲೇಥಮ್ ಜೊತೆಗೂಡಿದರು. ಇಬ್ಬರ ಕೆಲಸದ ತಿರುಳು ಇಷ್ಟು: ‘ನಿನ್ನ ಕೈಲಾದಷ್ಟು ಮಾಡು’ ಎನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟವಾದ ಗುರಿ ಕೊಟ್ಟರೆ ಜನ ಹೆಚ್ಚು ಕೆಲಸ ಮಾಡುತ್ತಾರೆ.

1975ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮರದ ದಿಮ್ಮಿ ಸಾಗಿಸುವ ಲಾರಿಗಳ ಮೇಲೆ ನಡೆದದ್ದು. ಚಾಲಕರು ಕಾನೂನು ಒಪ್ಪುವ ತೂಕದ ಸುಮಾರು ಶೇ. 60ರಷ್ಟನ್ನು ಮಾತ್ರ ತುಂಬುತ್ತಿದ್ದರು. ಆದಷ್ಟು ತುಂಬಿ ಎಂದರೆ ಏನೂ ಬದಲಾಗಲಿಲ್ಲ. ಶೇ. 94 ತುಂಬಿ ಎಂದು ಸಂಖ್ಯೆ ಕೊಟ್ಟ ಮೇಲೆ ಲೋಡು ಶೇ. 90ರ ಆಸುಪಾಸಿಗೆ ಏರಿತು. ಸಂಬಳ ಹೆಚ್ಚಿಸಿರಲಿಲ್ಲ, ಬೈದೂ ಇರಲಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಪ್ರೇರಣಾ ಭಾಷಣಗಳಲ್ಲಿ ಇದು ಬಿಟ್ಟುಹೋಗುತ್ತದೆ. ಆ ಚಾಲಕರಿಗೆ ಲಾರಿ ತುಂಬುವುದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಕೆಲಸವಾದರೆ? ರೂತ್ ಕ್ಯಾನ್ಫರ್ ಮತ್ತು ಫಿಲಿಪ್ ಆಕರ್‌ಮನ್ 1989ರಲ್ಲಿ ಅಮೆರಿಕದ ವಾಯುಪಡೆಯಲ್ಲಿ ತರಬೇತಿ ಪಡೆಯುತ್ತಿದ್ದವರ ಮೇಲೆ, ವಿಮಾನ ಸಂಚಾರ ನಿಯಂತ್ರಣದ ಅಣಕು ಕೆಲಸ ಕೊಟ್ಟು ಪರೀಕ್ಷಿಸಿದರು. ಕೆಲಸವನ್ನು ಇನ್ನೂ ಕಲಿಯುತ್ತಿರುವ ಹಂತದಲ್ಲೇ ‘ಇಷ್ಟು ವಿಮಾನ ಇಳಿಸಬೇಕು’ ಎಂಬ ಕಠಿಣ ಗುರಿ ಕೊಟ್ಟರೆ ಫಲಿತಾಂಶ ಕೆಟ್ಟಿತು. ಗಮನವೆಲ್ಲ ಸಂಖ್ಯೆಯ ಕಡೆ ಹೋಗಿ, ಕಲಿಯಲು ಬೇಕಾದ ಗಮನ ಉಳಿಯಲಿಲ್ಲ.

ಗಣಿತದಲ್ಲಿ 22 ತೆಗೆಯುವ ಹುಡುಗಿ ದಿಮ್ಮಿ ಲಾರಿಯ ಚಾಲಕಿಯಲ್ಲ. ಅವಳು ವಿಮಾನ ಇಳಿಸುವುದನ್ನು ಈಗಷ್ಟೇ ಕಲಿಯುತ್ತಿರುವವಳು. ಅವಳಿಗೆ ಬೇಕಾದ್ದು ‘ಈ ವಾರ ವರ್ಗ ಸಮೀಕರಣ ಬಿಡಿಸುವ ಎರಡು ವಿಧಾನ ಕಲಿಯುತ್ತೇನೆ’ ಎಂಬಂಥ ಕಲಿಕೆಯ ಗುರಿ. ಅಂಕದ ಗುರಿ ಬೇಕಿದ್ದರೆ ಆಮೇಲೆ ಇಡಬಹುದು.

ಅಂಕದ ಗುರಿಯೋ, ಕೆಲಸದ ಗುರಿಯೋ?

ನಮ್ಮ ಶಾಲೆಗಳಲ್ಲಿ ಗುರಿ ಎಂದರೆ ಬಹುಪಾಲು ಅಂಕವೇ. 625ಕ್ಕೆ ಎಷ್ಟು ಎನ್ನುವುದೇ ಪ್ರಶ್ನೆ. ಆದ್ದರಿಂದ ಈ ಪ್ರಯೋಗವನ್ನು ಗಮನವಿಟ್ಟು ಓದಿ.

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಡ್ಯಾಮನ್ ಕ್ಲಾರ್ಕ್, ಡೇವಿಡ್ ಗಿಲ್, ವಿಕ್ಟೋರಿಯಾ ಪ್ರೌಸ್ ಮತ್ತು ಮಾರ್ಕ್ ರಶ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 4,000 ವಿದ್ಯಾರ್ಥಿಗಳನ್ನು ಒಳಗೊಂಡ ಪ್ರಯೋಗ ಮಾಡಿದರು. ಕೆಲವರಿಗೆ ಇಂತಿಷ್ಟು ಅಂಕ ಪಡೆಯುತ್ತೇನೆ ಎಂದು ಗುರಿ ಇಟ್ಟುಕೊಳ್ಳಲು ಹೇಳಿದರು. ಇನ್ನು ಕೆಲವರಿಗೆ ಪರೀಕ್ಷೆಗೆ ಮೊದಲು ಇಂತಿಷ್ಟು ಅಭ್ಯಾಸ ಪರೀಕ್ಷೆ ಬರೆಯುತ್ತೇನೆ ಎಂದು ಗುರಿ ಇಡಲು ಹೇಳಿದರು. ಅಂಕದ ಗುರಿ ಇಟ್ಟವರಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅಭ್ಯಾಸದ ಗುರಿ ಇಟ್ಟವರು ಹೆಚ್ಚು ಅಭ್ಯಾಸ ಪರೀಕ್ಷೆ ಬರೆದರು, ಅವರ ಅಂಕವೂ ಏರಿತು. ಅಂಕದ ಗುರಿಯೇ ಇಡದವರ ಅಂಕ ಏರಿತು ಎನ್ನುವುದು ಇಲ್ಲಿನ ತಮಾಷೆ.

ಕಾರಣ ಊಹಿಸುವುದು ಕಷ್ಟವಲ್ಲ. ಪ್ರಶ್ನೆಪತ್ರಿಕೆ ಹೇಗಿರುತ್ತದೆ, ಅಂದು ಆರೋಗ್ಯ ಹೇಗಿರುತ್ತದೆ, ಮೌಲ್ಯಮಾಪನ ಹೇಗಾಗುತ್ತದೆ ಎನ್ನುವುದು ಮಗುವಿನ ಕೈಯಲ್ಲಿಲ್ಲ. ಸಂಜೆ ಕೂತು ಹತ್ತು ಲೆಕ್ಕ ಮಾಡುವುದು ಬಹುಮಟ್ಟಿಗೆ ಅವರ ಕೈಯಲ್ಲಿದೆ. ಅಲ್ಲದೆ, ಅಂಕ ಬಂದಿತೋ ಇಲ್ಲವೋ ಎಂದು ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ಹತ್ತು ಲೆಕ್ಕ ಆಯಿತೋ ಇಲ್ಲವೋ ಎಂದು ಅದೇ ರಾತ್ರಿ ಗೊತ್ತಾಗುತ್ತದೆ.

ಇನ್ನೊಂದು ಫಲಿತಾಂಶವನ್ನೂ ಹೇಳಲೇಬೇಕು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸುಮಾರು 1,400 ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಕೂತು ತಮ್ಮ ಭವಿಷ್ಯ, ಗುರಿಗಳ ಬಗ್ಗೆ ವಿವರವಾಗಿ ಬರೆಯುವ ಕೆಲಸ ಕೊಡಲಾಯಿತು. ನಂತರ ಕೆಲವರಿಗೆ ನೆನಪೋಲೆಗಳನ್ನೂ ಕಳಿಸಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶ: ಅಂಕಗಳ ಮೇಲೆ ಯಾವ ಪರಿಣಾಮವೂ ಆಗಿರಲಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾಲಯದ 85 ವಿದ್ಯಾರ್ಥಿಗಳ ಸಣ್ಣ ಅಧ್ಯಯನದಲ್ಲಿ ಇದೇ ಬಗೆಯ ಬರವಣಿಗೆಯಿಂದ ಒಳ್ಳೆಯ ಲಾಭ ಕಂಡಿತ್ತು. ಸಣ್ಣ ಅಧ್ಯಯನದಲ್ಲಿ ಕಂಡ ದೊಡ್ಡ ಲಾಭ ದೊಡ್ಡ ಅಧ್ಯಯನದಲ್ಲಿ ಕರಗಿಹೋಗುವುದು ವಿಜ್ಞಾನದಲ್ಲಿ ಹೊಸದೇನಲ್ಲ. ಬರೀ ಬರೆಯುವುದರಿಂದಲೇ ಬದುಕು ಬದಲಾಗುತ್ತದೆ ಎನ್ನುವವರನ್ನು ಅನುಮಾನದಿಂದ ನೋಡಲು ಇಷ್ಟು ಸಾಕು.

ಹರಕೆಯ ವಾಕ್ಯ, ಯೋಜನೆಯ ವಾಕ್ಯ

ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೊರಟರೆ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ ಸಿಗುತ್ತದೆ. ವಿದುರ ನೆಟ್ಟದ್ದೆಂದು ಜನ ನಂಬಿದ್ದ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಸುತ್ತ ಸಾಲುಸಾಲಾಗಿ ನಿಂತ ಸಾವಿರಾರು ನಾಗರಕಲ್ಲುಗಳು ಇವತ್ತೂ ಇವೆ. ಒಂದೊಂದು ಕಲ್ಲಿನ ಹಿಂದೆಯೂ ಒಂದು ಕೋರಿಕೆ ಇದೆ. ಮಕ್ಕಳಾಗಲಿ ಎಂದು ಹರಸಿಕೊಂಡವರೇ ಹೆಚ್ಚು. ಪರೀಕ್ಷೆ ಕಾಲದಲ್ಲಿ ಯಾವ ದೇವಸ್ಥಾನಕ್ಕೆ ಹೋದರೂ ಹಾಲ್ ಟಿಕೆಟ್ ಹಿಡಿದ ಮಕ್ಕಳನ್ನು ನೋಡಬಹುದು.

ಹರಕೆಯನ್ನು ಆಡಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಅದರ ವಾಕ್ಯರಚನೆಯನ್ನು ಮಾತ್ರ ನೋಡೋಣ. ‘ನಾನು ಪಾಸಾದರೆ ನಿನಗೆ ಕಾಯಿ ಒಡೆಯುತ್ತೇನೆ.’ ಇಲ್ಲಿ ‘ಆದರೆ’ ಎನ್ನುವ ಭಾಗದಲ್ಲಿ ಫಲವಿದೆ, ಕೆಲಸ ಅದರ ನಂತರ ಬರುತ್ತದೆ. ಮನಸ್ಸಿಗೆ ಧೈರ್ಯ ಕೊಡಲು ಇದು ಸರಿ. ಓದಲು ಕೂರಿಸುವ ಶಕ್ತಿ ಈ ವಾಕ್ಯಕ್ಕಿಲ್ಲ.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಇದನ್ನು ತಿರುವಿಹಾಕಿದಂಥ ವಾಕ್ಯವನ್ನು ಪರೀಕ್ಷೆಗೊಡ್ಡಿದರು. ‘ಇಂಥ ಸಮಯ ಅಥವಾ ಸಂದರ್ಭ ಬಂದರೆ, ನಾನು ಇಂಥ ಕೆಲಸ ಮಾಡುತ್ತೇನೆ.’ 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ, ಹಬ್ಬವಾದ ಎರಡು ದಿನದೊಳಗೆ ಒಂದು ವರದಿ ಬರೆದು ಕಳಿಸಲು ಹೇಳಿದರು. ಹಬ್ಬದ ಮನೆಯಲ್ಲಿ ಬರೆಯುವುದು ಎಷ್ಟು ಕಷ್ಟ ಎಂದು ಯುಗಾದಿಯ ದಿನ ಹೋಂವರ್ಕ್ ಮಾಡಿದವರಿಗೆ ಹೇಳಬೇಕಿಲ್ಲ. ಸುಮ್ಮನೆ ಒಪ್ಪಿಕೊಂಡವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಮಾತ್ರ ಬರೆದು ಕಳಿಸಿದರು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಎಂದು ಮೊದಲೇ ನಿರ್ಧರಿಸಿದ್ದವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಕಳಿಸಿದರು. ಮುಂದೆ 2006ರಲ್ಲಿ ಗೋಲ್‌ವಿಟ್ಜರ್ ಮತ್ತು ಪಾಸ್ಕಲ್ ಶೀರನ್ ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ಸಣ್ಣ ಉಪಾಯಕ್ಕೆ ಮಧ್ಯಮದಿಂದ ದೊಡ್ಡ ಪ್ರಮಾಣದ ಪರಿಣಾಮ ಇರುವುದು ಕಂಡಿತು.

ಇದು ಹೇಗೆ ಕೆಲಸ ಮಾಡುತ್ತದೆ? ಯಾವಾಗ ಓದಲಿ ಎಂಬ ತೀರ್ಮಾನವನ್ನು ಪ್ರತಿದಿನ ಹೊಸದಾಗಿ ಮಾಡಬೇಕಾದರೆ, ಪ್ರತಿದಿನವೂ ಮೊಬೈಲ್ ಗೆಲ್ಲುವ ಅವಕಾಶ ಇರುತ್ತದೆ. ತೀರ್ಮಾನವನ್ನು ಮೊದಲೇ ಮಾಡಿ ಒಂದು ಗುರುತಿಗೆ ಕಟ್ಟಿಹಾಕಿದರೆ, ಆ ಗುರುತು ಕಂಡಾಗ ಕೆಲಸ ನೆನಪಾಗುತ್ತದೆ. ಗಡಿಯಾರ ನೋಡಿ ಮಾಡುವ ವೇಳಾಪಟ್ಟಿಗಿಂತ ಮನೆಯಲ್ಲಿ ಹೇಗೂ ನಡೆಯುವ ಕೆಲಸದ ಗುರುತು ಹಳ್ಳಿಯ ಮಕ್ಕಳಿಗೆ ಹೆಚ್ಚು ಒಗ್ಗುತ್ತದೆ ಎಂದು ನಮ್ಮ ಅನಿಸಿಕೆ. ಕರೆಂಟ್ ಹೋಗಬಹುದು, ಬಸ್ ತಡವಾಗಬಹುದು. ಡೇರಿಗೆ ಹಾಲು ಹಾಕುವುದು ತಪ್ಪುವುದಿಲ್ಲ. ‘ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಜಗುಲಿಯಲ್ಲಿ ಕೂತು ಐದು ಲೆಕ್ಕ ಮಾಡುತ್ತೇನೆ’ ಎನ್ನುವುದು ‘ದಿನಾ ಬೆಳಿಗ್ಗೆ 5ಕ್ಕೆ ಎದ್ದು ಓದುತ್ತೇನೆ’ ಎನ್ನುವುದಕ್ಕಿಂತ ಗಟ್ಟಿಯಾದ ಗುರಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳ ಮಕ್ಕಳಿಗೆ ಇದನ್ನು ವಿವರಿಸುವುದು ಇನ್ನೂ ಸುಲಭ. ಈ ಸಲ ಇಷ್ಟು ಕೆ.ಜಿ. ಗೂಡು ಬರಬೇಕು ಎಂದು ಗೋಡೆಗೆ ಬರೆದು ಹುಳು ಮೇಯಿಸುವವರು ಯಾರೂ ಇಲ್ಲ. ಹೊತ್ತುಹೊತ್ತಿಗೆ ಸೊಪ್ಪು, ಹಾಸಿಗೆ ಸ್ವಚ್ಛ ಮಾಡುವುದು, ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸುವುದು, ಎದ್ದಾಗ ಮತ್ತೆ ಕೊಡುವುದು ಅವರ ಲೆಕ್ಕ. ನಾಲ್ಕು ಜ್ವರ ದಾಟಿ ಐದನೇ ಹಂತ ಮುಗಿಯುವ ತನಕ ಗೂಡಿನ ಮಾತಿಲ್ಲ. ಮಾರುಕಟ್ಟೆಯ ದರ ಯಾರ ಕೈಯಲ್ಲೂ ಇಲ್ಲ ಎನ್ನುವುದೂ ಆ ಮಕ್ಕಳಿಗೆ ಗೊತ್ತು. ಫಲದ ಗುರಿ ಮತ್ತು ಕೆಲಸದ ಗುರಿಯ ವ್ಯತ್ಯಾಸ ಅವರ ಮನೆಯಲ್ಲೇ ನಡೆಯುತ್ತಿದೆ. ಶಿಕ್ಷಕರು ಅದಕ್ಕೆ ಹೆಸರಿಟ್ಟು ತೋರಿಸಿದರೆ ಸಾಕು.

ವಿದುರಾಶ್ವತ್ಥದ ಹೆಸರು ಇತಿಹಾಸದಲ್ಲಿ ಉಳಿದಿರುವ ಇನ್ನೊಂದು ಕಾರಣವನ್ನೂ ಇಲ್ಲಿ ನೆನೆಯಬಹುದು. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ತೆತ್ತರು. ಶಾಲಾ ಪ್ರವಾಸಗಳಲ್ಲಿ ಸ್ಮಾರಕ ನೋಡಿದ ಮಕ್ಕಳು ‘ನನ್ನ ಗುರಿ ದೇಶಸೇವೆ’ ಎಂದು ಬರೆಯುವುದುಂಟು. ಅಂದು ಸೇರಿದ್ದವರ ಕಣ್ಣೆದುರು ಸ್ವಾತಂತ್ರ್ಯದಂಥ ದೊಡ್ಡ ಆಸೆ ಇತ್ತು, ನಿಜ. ಆ ದಿನದ ಕೆಲಸ ಮಾತ್ರ ತೀರಾ ಸ್ಪಷ್ಟವಾಗಿತ್ತು: ನಿಷೇಧವಿದ್ದರೂ ಇಲ್ಲಿ ಬಾವುಟ ಹಾರಿಸಬೇಕು. ‘ದೇಶಸೇವೆ’ ಎಂದು ಬರೆದ ಮಗುವನ್ನು ಶಿಕ್ಷಕರು ‘ಈ ತಿಂಗಳು, ಈ ಊರಲ್ಲಿ, ಏನು?’ ಎಂದು ಕೇಳಬಹುದಲ್ಲ.

ಕಣ್ಣು ಮುಚ್ಚಿ ಗೆಲುವನ್ನು ಕಲ್ಪಿಸಿಕೊಂಡರೆ?

ಇದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಬಯಸಿದ್ದು ಈಗಾಗಲೇ ಸಿಕ್ಕಿದೆ ಎಂದು ದಿನಾ ಕಲ್ಪಿಸಿಕೊಳ್ಳಿ, ಬ್ರಹ್ಮಾಂಡ ಅದನ್ನು ನಿಮ್ಮತ್ತ ಸೆಳೆಯುತ್ತದೆ ಎನ್ನುತ್ತದೆ ಇದು. ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ 1999ರಲ್ಲಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದರು. ಒಳ್ಳೆಯ ಅಂಕ ಬಂದ ಕ್ಷಣವನ್ನು ಕಲ್ಪಿಸಿಕೊಂಡವರಿಗೆ ಅದರಿಂದ ಲಾಭವಾಗಲಿಲ್ಲ, ಓದಿದ್ದೂ ಕಡಿಮೆ. ಪುಸ್ತಕ ತೆರೆದು, ಟಿ.ವಿ. ಆರಿಸಿ, ಕೂತು ಓದುತ್ತಿರುವುದನ್ನು ಕಲ್ಪಿಸಿಕೊಂಡವರು ಬೇಗ ಓದಲು ಶುರು ಮಾಡಿದರು, ಅಂಕವೂ ಹೆಚ್ಚು ಬಂತು.

ಗೇಬ್ರಿಯೆಲ್ ಓಟಿಂಗೆನ್ ಎಂಬ ಮನೋವಿಜ್ಞಾನಿ ಇದೇ ವಿಷಯವನ್ನು ಹಲವು ವರ್ಷ ಬೆನ್ನು ಹತ್ತಿದರು. ಕೆಲಸ ಸಿಗುವ ಸವಿಗನಸು ಹೆಚ್ಚು ಕಂಡ ಪದವೀಧರರಿಗೆ ಎರಡು ವರ್ಷದ ನಂತರ ಕಡಿಮೆ ಅವಕಾಶ, ಕಡಿಮೆ ಸಂಬಳ ಸಿಕ್ಕಿದ್ದು ಅವರ 2002ರ ಅಧ್ಯಯನದಲ್ಲಿ ಕಂಡಿತು. ಹಾಗೆಂದು ಕನಸೇ ಕಾಣಬೇಡಿ ಎಂದು ಅವರು ಹೇಳುವುದಿಲ್ಲ. ಬಯಕೆ ಬರೆಯಿರಿ, ಅದರ ಕೆಳಗೇ ಅಡ್ಡಿಯನ್ನೂ ಬರೆಯಿರಿ, ಆ ಅಡ್ಡಿ ಬಂದಾಗ ಏನು ಮಾಡುತ್ತೀರಿ ಎಂದೂ ಬರೆಯಿರಿ ಎನ್ನುತ್ತಾರೆ. ಓಟಿಂಗೆನ್, ಗೋಲ್‌ವಿಟ್ಜರ್, ಏಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು ಈ ಕ್ರಮವನ್ನು ಪ್ರವೇಶ ಪರೀಕ್ಷೆಯ ಮಾದರಿಗೆ ಸಿದ್ಧರಾಗುತ್ತಿದ್ದ 66 ಹೈಸ್ಕೂಲ್ ಮಕ್ಕಳ ಮೇಲೆ ಪ್ರಯೋಗಿಸಿ 2011ರಲ್ಲಿ ಪ್ರಕಟಿಸಿದರು. ಅರ್ಧ ಗಂಟೆಯ ಬರವಣಿಗೆ, ಅಷ್ಟೇ. ಬೇಸಿಗೆ ರಜೆ ಮುಗಿದಾಗ ಇವರು ಬೇರೆ ಗುಂಪಿಗಿಂತ ಶೇ. 60ಕ್ಕೂ ಹೆಚ್ಚು ಅಭ್ಯಾಸ ಪ್ರಶ್ನೆ ಬಿಡಿಸಿದ್ದರು. 66 ಮಕ್ಕಳು ಸಣ್ಣ ಸಂಖ್ಯೆಯೇ, ಮೇಲೆ ಹೇಳಿದ ಎಚ್ಚರ ಇಲ್ಲಿಗೂ ಅನ್ವಯಿಸುತ್ತದೆ. ಆದರೆ ಅರ್ಧ ಗಂಟೆ ಖರ್ಚು ಮಾಡಲು ಯೋಗ್ಯವಾದ ಉಪಾಯ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಅಡ್ಡಿ ಬರೆಸುವಾಗ ಒಂದು ಎಚ್ಚರ. ‘ನನ್ನ ಸೋಮಾರಿತನ’ ಎಂದು ಮಕ್ಕಳು ಬರೆಯುತ್ತಾರೆ, ಹಿರಿಯರಿಂದ ಕೇಳಿದ್ದು ಅದೇ ತಾನೆ. ಅದನ್ನು ಒಪ್ಪಬೇಡಿ, ಇನ್ನೂ ಕೇಳಿ. ಸಂಜೆ ಆರಕ್ಕೆ ಮನೆ ತಲುಪಿದ ಮೇಲೆ ತಮ್ಮನನ್ನು ನೋಡಿಕೊಳ್ಳಬೇಕು, ಇಂಗ್ಲಿಷ್ ಪುಸ್ತಕ ಓದಿದರೆ ಅರ್ಥ ಹೇಳುವವರಿಲ್ಲ, ಮನೆಯ ಮಾತು ತೆಲುಗು, ಪಾಠ ಕನ್ನಡ, ಫೋನು ಒಂದೇ, ಅದು ಅಣ್ಣನ ಬಳಿ. ಗಡಿಭಾಗದ ಹಳ್ಳಿಗಳಲ್ಲಿ ನಿಜವಾದ ಅಡ್ಡಿಗಳು ಇಂಥವು. ಕೆಲವಕ್ಕೆ ಮಗುವೇ ಉಪಾಯ ಹುಡುಕಬಹುದು. ಕೆಲವಕ್ಕೆ ದೊಡ್ಡವರು ಏನಾದರೂ ಮಾಡಬೇಕು, ಆಗ ಆ ಚೀಟಿ ಶಿಕ್ಷಕರಿಗೆ ಮತ್ತು ಪೋಷಕರಿಗೆ ಬಂದ ಅರ್ಜಿ.

42 ಪುಟವೋ, 6 ಪುಟವೋ

1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಗಣಿತವೆಂದರೆ ಓಡಿಹೋಗುತ್ತಿದ್ದ 40 ಚಿಕ್ಕ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುವ ಪುಸ್ತಕ ಕೊಟ್ಟರು. ಒಟ್ಟು 42 ಪುಟ, ಏಳು ಅವಧಿ. ಒಂದು ಗುಂಪಿಗೆ ಪ್ರತಿ ಅವಧಿಗೆ 6 ಪುಟದ ಗುರಿ. ಇನ್ನೊಂದಕ್ಕೆ ಏಳನೇ ಅವಧಿಯ ಕೊನೆಗೆ 42 ಪುಟದ ಗುರಿ. ಲೆಕ್ಕ ಒಂದೇ, ಪುಸ್ತಕ ಒಂದೇ. 6 ಪುಟದ ಗುರಿಯ ಮಕ್ಕಳು ಹೆಚ್ಚು ಕಲಿತರು, ನನ್ನಿಂದಾಗುತ್ತದೆ ಎಂಬ ನಂಬಿಕೆ ಅವರಲ್ಲಿ ಹೆಚ್ಚಿತು. ಯಾರೂ ಹೇಳದೆಯೇ ಮತ್ತಷ್ಟು ಲೆಕ್ಕ ಮಾಡುವ ಆಸಕ್ತಿಯನ್ನೂ ತೋರಿಸಿದರು.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯ ಗೋಡೆ ನೋಡಿ. ಅಲ್ಲಿ ಕಲಿಕಾ ಏಣಿ ಇರುತ್ತದೆ, ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೈಲಿಗಲ್ಲಿಗೂ ಕಾರ್ಡುಗಳು. ಮಗು ತಾನು ಎಲ್ಲಿದ್ದೇನೆ ಎಂದು ತಾನೇ ನೋಡಿ ಮುಂದಿನ ಕಾರ್ಡ್ ತೆಗೆದುಕೊಳ್ಳುತ್ತದೆ. ಚಿಂತಾಮಣಿಯಿಂದ ಗಡಿಯಾಚೆ, ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿಯನ್ನು ನೋಡಿ ಬಂದವರು 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಇದನ್ನು ಶುರು ಮಾಡಿದರು. ಮುಂದೆ ಇಡೀ ರಾಜ್ಯಕ್ಕೆ ಬಂತು. ಆರು ವರ್ಷದ ಮಗುವಿಗೆ ಮುಂದಿನ ಮೆಟ್ಟಿಲನ್ನು ತಾನೇ ಗುರುತಿಸಲು ಕಲಿಸಿ, ಅದೇ ಮಗು ಹದಿನೈದಕ್ಕೆ ಬಂದಾಗ ಏಣಿ ತೆಗೆದು ತುದಿಯನ್ನು ಮಾತ್ರ ತೋರಿಸುತ್ತೇವಲ್ಲ ಎಂದು ನಮಗೆ ಆಗಾಗ ಆಶ್ಚರ್ಯವಾಗುತ್ತದೆ.

ಮೆಟ್ಟಿಲು ಸಣ್ಣದಾಗಿರಬೇಕು ಎನ್ನಲು ಇನ್ನೊಂದು ಕಾರಣ, ನಾವೆಲ್ಲ ಸಮಯದ ಅಂದಾಜಿನಲ್ಲಿ ಎಡವುವವರೇ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕು ಎಂದಿದ್ದರು. ಹಿಡಿದದ್ದು 55 ದಿನಕ್ಕೂ ಹೆಚ್ಚು.

21 ದಿನದಲ್ಲಿ ಅಭ್ಯಾಸ ಕೂರುತ್ತದೆಯೇ?

ಸುಳ್ಳು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ತಮ್ಮ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂಬರ್ಥದಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಬಿದ್ದುಹೋಯಿತು, ಮುಖ ಹೋಗಿ ಅಭ್ಯಾಸ ಬಂತು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು 18 ದಿನದಿಂದ 254 ದಿನದವರೆಗೆ ಬೇಕಾಗಬಹುದು. ನಡುವಿನ ಅಂದಾಜು 66 ದಿನ. ಮಕ್ಕಳಿಗೆ ಹೇಳಬೇಕಾದ ಮುಖ್ಯ ಸಂಗತಿ ಅದರಲ್ಲೇ ಇದೆ: ಮಧ್ಯೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ. ಜಾತ್ರೆಯ ದಿನ ಓದದಿದ್ದರೆ ಮರುದಿನ ಕೂತರಾಯಿತು.

ಹೊಸೂರಿನಿಂದ ಬೆಂಗಳೂರಿಗೆ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಕಥೆಯೂ ಫಾರ್ವರ್ಡ್ ಆಗಿ ಓಡಾಡುತ್ತದೆ. ಇದು ನಿಜವಾದ ಕಥೆ. ಊರಿನಲ್ಲಿ ಹೈಸ್ಕೂಲ್ ಇರಲಿಲ್ಲ, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಅವರು ಸುಮಾರು 80 ಕಿ.ಮೀ. ದೂರವನ್ನು ಎರಡು ದಿನ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲ್ ಸೇರಿದರು. ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿ ಮಾಡಿ ದೇಶದ ಗಮನ ಸೆಳೆದರು. ನಮ್ಮಂಥ ಬರಹಗಳಿಗೆಲ್ಲ ಅವರು ಹಿರಿಯಜ್ಜ ಇದ್ದಂತೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ‘ಛಲವಿದ್ದರೆ ಏನು ಬೇಕಾದರೂ ಆಗುತ್ತದೆ’ ಎಂದು ಮುಗಿಸುವವರೇ ಹೆಚ್ಚು. ಅಂದು ಅವರಷ್ಟೇ ಛಲವಿದ್ದೂ ಊರಲ್ಲೇ ಉಳಿದ ಹುಡುಗರು, ಹೊಸ್ತಿಲು ದಾಟಲಾಗದ ಹುಡುಗಿಯರು ಎಷ್ಟಿದ್ದರೋ. ಅವರ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಗೆದ್ದವರನ್ನಷ್ಟೇ ಎಣಿಸಿದರೆ ಲೆಕ್ಕ ಯಾವಾಗಲೂ ಛಲದ ಪರವಾಗಿಯೇ ಬರುತ್ತದೆ. ನರಸಿಂಹಯ್ಯನವರಿಗೆ ಹೋಗಬೇಕಾದ ಶಾಲೆ ಯಾವುದೆಂದು ಹೇಳಿದ ಮೇಷ್ಟ್ರಿದ್ದರು. ಹಳ್ಳಿಯಿಂದ ನಡೆದು ಬಂದ ಹುಡುಗನನ್ನು ಸೇರಿಸಿಕೊಂಡ ಶಾಲೆಯಿತ್ತು. ಸ್ವತಃ ಅವರಿಗೇ ಇದು ಚೆನ್ನಾಗಿ ಗೊತ್ತಿದ್ದಿರಬೇಕು. ಮುಂದೆ ನ್ಯಾಷನಲ್ ವಿದ್ಯಾಸಂಸ್ಥೆಯ ಮೂಲಕ ಬಾಗೇಪಲ್ಲಿಯಂಥ ಹಿಂದುಳಿದ ತಾಲ್ಲೂಕಿನಲ್ಲಿ ಕಾಲೇಜು ತೆರೆದರು, ಇನ್ನೊಬ್ಬ ಹುಡುಗ ಅಷ್ಟು ದೂರ ನಡೆಯಬೇಕಾಗದ ಹಾಗೆ.

ತರಗತಿಯಲ್ಲಿ ಇದನ್ನು ಕಲಿಸುವುದು ಹೇಗೆ?

ಒಂದು ಪೀರಿಯಡ್ ಸಾಕು, ಆಮೇಲೆ ವಾರಕ್ಕೆ ಹತ್ತು ನಿಮಿಷ. ದುಬಾರಿ ಪ್ಲಾನರ್ ಪುಸ್ತಕ, ಆ್ಯಪ್ ಯಾವುದೂ ಬೇಡ, ನೋಟ್‌ಬುಕ್ಕಿನ ಕೊನೆಯ ಹಾಳೆ ನಡೆಯುತ್ತದೆ. ಮೊದಲು ಮಗು ತನಗೆ ಬೇಕಾದ್ದನ್ನು ತನ್ನ ಮಾತಿನಲ್ಲಿ ಬರೆಯಲಿ. ಡಾಕ್ಟರ್, ಪೊಲೀಸ್, ಕಬಡ್ಡಿ ಆಟಗಾರ, ಏನಾದರೂ ಸರಿ, ನಗಬೇಡಿ. ಗೌರಿಬಿದನೂರಿನ ಬಳಿಯೇ 1976ರಿಂದ ರೇಡಿಯೊ ದೂರದರ್ಶಕ ಕೆಲಸ ಮಾಡುತ್ತಿದೆ, ಖಗೋಳ ವಿಜ್ಞಾನಿ ಎಂದು ಬರೆದ ಹುಡುಗನಿಗೆ ಅದನ್ನು ಹೇಳಿ. ನಂತರ ಇವತ್ತು ತಾನೆಲ್ಲಿದ್ದೇನೆ ಎಂದು ಬರೆಯಲಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಗಾಳಿಮಾತು.

ಆಮೇಲೆ ಬರುವ ನಾಲ್ಕು ವಾರಕ್ಕೆ ಮಾತ್ರ ಒಂದೇ ಒಂದು ಕೆಲಸದ ಗುರಿ. ನಮ್ಮ 22 ಅಂಕದ ಹುಡುಗಿಯ ಹಾಳೆ ಹೀಗಿರಬಹುದು: ‘ವಾರಕ್ಕೆ ನಾಲ್ಕು ದಿನ, ಸಂಜೆ ಹಸು ಕಟ್ಟಿ ಬಂದ ಮೇಲೆ, ನಡುಮನೆಯಲ್ಲಿ ಕೂತು ಸಮಾಂತರ ಶ್ರೇಢಿಯ ಐದು ಲೆಕ್ಕ. ಎರಡು ಸಲ ಪ್ರಯತ್ನಿಸಿಯೂ ಬಾರದಿದ್ದರೆ ಅದಕ್ಕೆ ಸುತ್ತು ಹಾಕಿ ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಟೀಚರ್‌ಗೆ ತೋರಿಸುತ್ತೇನೆ.’ ಅಂಕದ ಮಾತೇ ಇಲ್ಲಿಲ್ಲ. ಅಡ್ಡಿಗೆ ಉತ್ತರವೂ ಇದೆ. ಈ ಹಾಳೆ ಕೆಲಸ ಮಾಡುವುದು ಬೆಳಿಗ್ಗೆ ಟೀಚರ್ ನಿಜವಾಗಿಯೂ ಸುತ್ತು ಹಾಕಿದ ಲೆಕ್ಕ ನೋಡಿದರೆ ಮಾತ್ರ. ಗುರಿಯ ಜೊತೆ ‘ಎಲ್ಲಿಗೆ ಬಂದೆ’ ಎಂದು ತಿಳಿಸುವವರು ಇರಬೇಕು ಎನ್ನುವುದು ಲಾಕ್ ಮತ್ತು ಲೇಥಮ್ ಅವರ ಕೆಲಸದಲ್ಲೂ ಒತ್ತಿ ಹೇಳಿರುವ ಮಾತು.

ಹತ್ತನೆಯವರಾದರೆ ಶಾಲಾ ಪರೀಕ್ಷೆ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳಿವೆ. ವಾರಕ್ಕೊಂದು ಪತ್ರಿಕೆಯನ್ನು ಪುಸ್ತಕ ಮುಚ್ಚಿ ಬರೆಯುವುದು ಅತ್ಯುತ್ತಮ ಕೆಲಸದ ಗುರಿ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಬರೆಯುವುದು ಹೆಚ್ಚು ದಿನ ಉಳಿಯುತ್ತದೆ ಎಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ತೋರಿಸಿದ್ದಾರೆ.

ಎರಡು ಕೆಲಸ ಮಾಡಬೇಡಿ. ಎಲ್ಲರ ಗುರಿಯನ್ನೂ ತರಗತಿಯ ಗೋಡೆಯ ಮೇಲೆ ಅಂಕದೊಂದಿಗೆ ತೂಗುಹಾಕಬೇಡಿ, ಹಿಂದುಳಿದವರಿಗೆ ಅದು ದಿನನಿತ್ಯದ ಅವಮಾನ. ಮಗುವಿನ ಗುರಿಯನ್ನು ನೀವೇ ಬರೆದು ಸಹಿ ಹಾಕಿಸಬೇಡಿ, ಅದು ನಿಮ್ಮ ಗುರಿ.

ನಾಲ್ಕನೇ ಶನಿವಾರ ಹಾಳೆ ತೆಗೆದು ನೋಡಿದಾಗ ಹದಿನಾರು ದಿನದಲ್ಲಿ ಒಂಬತ್ತು ದಿನ ಮಾತ್ರ ಗುರುತು ಬಿದ್ದಿದೆ ಎಂದಿಟ್ಟುಕೊಳ್ಳಿ. ಯಾವ ದಿನ ತಪ್ಪಿತು, ಅಂದು ಮನೆಯಲ್ಲಿ ಏನಿತ್ತು ಎಂದು ಕೇಳಿ. ಸಂತೆಯ ದಿನವೇ ತಪ್ಪುತ್ತಿದ್ದರೆ ದಿನ ಬದಲಿಸಿ. ಐದು ಲೆಕ್ಕ ಹೆಚ್ಚಾಗಿದ್ದರೆ ಮೂರು ಮಾಡಿ. ಎಸ್ಸೆಸ್ಸೆಲ್ಸಿಯಲ್ಲೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಕಡಿಮೆಯಾದರೆ ಮತ್ತೆ ಬರೆಯಬಹುದು. ಹಾಳೆಯನ್ನೂ ಹಾಗೇ ಮತ್ತೆ ಬರೆಯಬಹುದು. ಹಳೆಯ ಹಾಳೆ ಹರಿಯಬೇಡಿ, ಮುಂದಿನ ತಿಂಗಳ ಗುರಿ ಎಷ್ಟಿರಬೇಕು ಎಂದು ಅಂದಾಜು ಮಾಡಲು ಅದು ಬೇಕಾಗುತ್ತದೆ.